ಒಬ್ಬಳಿಗಾಗಿ ನಡೆದ ತರಗತಿ

1930ರ ದಶಕ. ಅಮೆರಿಕದ ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜಿನಲ್ಲಿ ವಿಲಿಯಂ ಕ್ಲೇಟರ್ ಎಂಬ ಗಣಿತದ ಮೇಷ್ಟ್ರು ಮೂರು ಆಯಾಮದ ರೇಖಾಗಣಿತ ಪಾಠ ಮಾಡುತ್ತಿದ್ದರು. ಕೇಳಲು ಕೂತಿದ್ದವಳು ಒಬ್ಬಳೇ ವಿದ್ಯಾರ್ಥಿನಿ, ಕ್ಯಾಥರೀನ್ ಕೋಲ್ಮನ್. ಕಾಲೇಜಿನಲ್ಲಿದ್ದ ಗಣಿತವನ್ನೆಲ್ಲ ಅವಳು ಓದಿ ಮುಗಿಸಿಬಿಟ್ಟಿದ್ದಳು. ಈ ಹುಡುಗಿ ಸಂಶೋಧಕಿಯಾಗಬಲ್ಲಳು ಎಂದು ಮನಗಂಡ ಮೇಷ್ಟ್ರು, ಪಠ್ಯಕ್ರಮದಲ್ಲಿಲ್ಲದ ವಿಷಯವನ್ನು ಅವಳಿಗೆಂದೇ ಹೊಸದಾಗಿ ಸೇರಿಸಿದ್ದರು. ಅಂಥ ಕೆಲಸ ತನಗೆ ಎಲ್ಲಿ ಸಿಗುತ್ತದೆ ಎಂದು ಅವಳು ಕೇಳಿದಾಗ, ಹುಡುಕಿಕೊಳ್ಳುವುದು ನಿನಗೆ ಬಿಟ್ಟದ್ದು, ತಯಾರು ಮಾಡುವುದು ನನ್ನ ಹೊಣೆ ಎಂಬ ಧಾಟಿಯಲ್ಲಿ ಉತ್ತರ ಬಂತು.

1937ರಲ್ಲಿ, 18ನೇ ವಯಸ್ಸಿಗೇ, ಅವಳು ಪದವಿ ಪಡೆದಳು. ಮುಂದೆ ಕ್ಯಾಥರೀನ್ ಜಾನ್ಸನ್ ಎಂದು ಜಗತ್ತಿಗೆ ಪರಿಚಯವಾದವರು ಇವರೇ. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಿಬರಲು ಹೊರಟಾಗ, ಕಂಪ್ಯೂಟರ್ ಹಾಕಿದ ಲೆಕ್ಕವನ್ನು ಈಕೆ ಒಮ್ಮೆ ಕೈಯಾರೆ ತಾಳೆ ನೋಡಲಿ ಎಂದು ಪಟ್ಟು ಹಿಡಿದರು. ಇವರ ನಾಸಾ ದಿನಗಳ ಕಥೆ ಸಿನಿಮಾ ಆಗಿ ಎಲ್ಲರಿಗೂ ಗೊತ್ತಾಗಿದೆ. ಆ ಖಾಲಿ ಬೆಂಚುಗಳ ತರಗತಿಯ ಕಥೆ ಅಷ್ಟಾಗಿ ಗೊತ್ತಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಏಕೆಂದರೆ ಕ್ಯಾಥರೀನ್ ಹುಟ್ಟಿದ ಊರಿನಲ್ಲಿ ಕಪ್ಪು ಮಕ್ಕಳಿಗೆ ಹೈಸ್ಕೂಲೇ ಇರಲಿಲ್ಲ. ಮಕ್ಕಳ ಓದಿಗಾಗಿ ತಂದೆ ಇಡೀ ಸಂಸಾರವನ್ನು ಸುಮಾರು 200 ಕಿಲೋಮೀಟರ್ ದೂರದ ಈ ಕಾಲೇಜಿನ ಪಕ್ಕಕ್ಕೆ ತಂದಿರಿಸಿದ್ದರು. ಪಾಠ ಹೇಳಿದ ಕ್ಲೇಟರ್ ಅವರ ಪಾಡೂ ಅಷ್ಟೇ. 1933ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದ ಅವರಂಥ ಪಂಡಿತರಿಗೆ, ಚರ್ಮದ ಬಣ್ಣದ ಕಾರಣಕ್ಕೆ, ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತ್ತು. ಹೊರಗೆ ತಳ್ಳಿಸಿಕೊಂಡ ಮೇಷ್ಟ್ರು, ಹೊರಗೆ ತಳ್ಳಿಸಿಕೊಂಡ ವಿದ್ಯಾರ್ಥಿನಿ. ಇಬ್ಬರೂ ಸೇರಿದ ಜಾಗವನ್ನೇ ಇಂದು ಐತಿಹಾಸಿಕ ಕಪ್ಪು ಕಾಲೇಜು, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಎಚ್‌ಬಿಸಿಯು, ಎನ್ನುತ್ತಾರೆ.

ಇವುಗಳಲ್ಲಿ ಅತ್ಯಂತ ಹಳೆಯದು 1837ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಚೇನಿ. ಹೆಚ್ಚಿನವು ಹುಟ್ಟಿದ್ದು 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ. ಅದಕ್ಕೆ ಮೊದಲು ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. 1866ರಲ್ಲಿ ಫಿಸ್ಕ್, 1867ರಲ್ಲಿ ಹಾವರ್ಡ್ ಮತ್ತು ಮೋರ್‌ಹೌಸ್, 1881ರಲ್ಲಿ ಅಟ್ಲಾಂಟಾದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಹೆಣ್ಣುಮಕ್ಕಳ ಸ್ಪೆಲ್‌ಮನ್. 1964ಕ್ಕೆ ಮೊದಲು ಕಪ್ಪು ಜನರ ಶಿಕ್ಷಣಕ್ಕೆಂದೇ ಹುಟ್ಟಿದ ಕಾಲೇಜುಗಳಿಗೆ ಮಾತ್ರ ಕಾನೂನು ಈ ಹೆಸರು ಕೊಡುತ್ತದೆ. ಇಂದು ಅಂಥವು ನೂರರ ಆಸುಪಾಸಿನಲ್ಲಿವೆ, ಯಾವ ಬಣ್ಣದವರಾದರೂ ಸೇರಬಹುದು.

ಈ ಕಾಲೇಜುಗಳು ವಿದ್ಯಾರ್ಥಿಯ ಬದುಕನ್ನು ತಿದ್ದುವ ಬಗೆ ಹಾವರ್ಡ್ ಕಾನೂನು ಶಾಲೆಯಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ತರ್ಗುಡ್ ಮಾರ್ಷಲ್ ಬಾಲ್ಟಿಮೋರ್‌ನ ಹುಡುಗ. ಮನೆಯ ಹತ್ತಿರವೇ ಇದ್ದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾವರ್ಡ್‌ನ ಫೀಸಿಗಾಗಿ ತಾಯಿ ತನ್ನ ಮದುವೆಯ ಉಂಗುರಗಳನ್ನು ಅಡವಿಟ್ಟರು. ಮಗ ದಿನವೂ ಬಾಲ್ಟಿಮೋರ್‌ನಿಂದ ವಾಷಿಂಗ್ಟನ್‌ಗೆ ಓಡಾಡಿ ಓದಿದ. ಅಲ್ಲಿ ಸಿಕ್ಕಿದ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್. ಸಂಜೆ ಕಾಲೇಜಿನಂತೆ ನಡೆಯುತ್ತಿದ್ದ ಶಾಲೆಯನ್ನು ಪೂರ್ಣಾವಧಿಗೆ ಬದಲಿಸಿ, ಬಿಗಿ ಮಾಡಿ, ಕಪ್ಪು ವಕೀಲನಾದವನು ಎದುರಿನ ಬಿಳಿಯ ವಕೀಲನಿಗಿಂತ ಒಂದು ಕೈ ಮೇಲಿರಲೇಬೇಕೆಂದು ವಿದ್ಯಾರ್ಥಿಗಳ ಬೆವರಿಳಿಸುತ್ತಿದ್ದವರು. 1933ರಲ್ಲಿ ಮಾರ್ಷಲ್ ತರಗತಿಗೇ ಮೊದಲಿಗನಾಗಿ ಹೊರಬಂದ. ಎರಡೇ ವರ್ಷದಲ್ಲಿ ಗುರುಶಿಷ್ಯರು ಕೂಡಿ ಅದೇ ಮೇರಿಲ್ಯಾಂಡ್ ಕಾನೂನು ಶಾಲೆಯ ಮೇಲೆ ಮೊಕದ್ದಮೆ ಹೂಡಿ ಕಪ್ಪು ವಿದ್ಯಾರ್ಥಿಯೊಬ್ಬನಿಗೆ ಸೀಟು ಕೊಡಿಸಿದರು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದಾಗ ವಾದಿಸಿದ್ದವರಲ್ಲಿ ಮಾರ್ಷಲ್ ಮುಂಚೂಣಿಯಲ್ಲಿದ್ದರು. 1967ರಲ್ಲಿ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯೂ ಆದರು.

ಮಾರ್ಟಿನ್ ಲೂಥರ್ ಕಿಂಗ್ ಮೋರ್‌ಹೌಸ್ ಸೇರಿದ್ದು 1944ರಲ್ಲಿ, 15ನೇ ವಯಸ್ಸಿಗೆ. ಆಗ ಕಾಲೇಜಿನ ಅಧ್ಯಕ್ಷರಾಗಿದ್ದವರು ಬೆಂಜಮಿನ್ ಮೇಸ್. ಅವರ ತಂದೆತಾಯಿ ಗುಲಾಮರಾಗಿಯೇ ಹುಟ್ಟಿದ್ದವರು. ಮೇಸ್ 1936ರ ಕೊನೆಯಲ್ಲಿ ನಮ್ಮ ವಾರ್ಧಾಕ್ಕೆ ಬಂದು ಗಾಂಧೀಜಿಯನ್ನು ಕಂಡು, ಅಹಿಂಸೆಯ ಬಗ್ಗೆ, ಜಾತಿಯ ಬಗ್ಗೆ ಕೇಳಿ ಹೋಗಿದ್ದರು. ಅವರು ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಆಡುತ್ತಿದ್ದ ಮಾತುಗಳನ್ನು ಕೇಳುತ್ತ ಬೆಳೆದ ಹುಡುಗ, ಕೊನೆಯವರೆಗೂ ಅವರನ್ನು ತನ್ನ ಗುರುವೆಂದೇ ಭಾವಿಸಿದ್ದ. 1968ರಲ್ಲಿ ಶಿಷ್ಯನ ಅಂತ್ಯಸಂಸ್ಕಾರದ ದಿನ ಮೋರ್‌ಹೌಸ್ ಅಂಗಳದಲ್ಲಿ ಎದ್ದು ನಿಂತು ಮಾತಾಡಬೇಕಾದ ದುಃಖವೂ ಆ ಗುರುವಿಗೇ ಬಂತು.

ದೊಡ್ಡ ಹೆಸರುಗಳನ್ನೇ ಹೇಳುತ್ತ ಹೋದರೆ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ಬಿಳಿಯರೇ ತುಂಬಿದ ತರಗತಿಯಲ್ಲಿ ಕೂತ ಕಪ್ಪು ಹುಡುಗಿ ಬರೀ ವಿದ್ಯಾರ್ಥಿನಿಯಾಗಿರಲು ಆಗುವುದಿಲ್ಲ. ಅವಳು ತಪ್ಪು ಉತ್ತರ ಕೊಟ್ಟರೆ ಇಡೀ ಜನಾಂಗವೇ ದಡ್ಡವೆಂದುಕೊಳ್ಳುವರೇನೋ ಎಂಬ ಅಳುಕು. ಇಂಥ ಕಾಲೇಜಿನಲ್ಲಿ ಆ ಹೊರೆ ಇಳಿಯುತ್ತದೆ. ಪಕ್ಕದಲ್ಲಿ ಶಿಕಾಗೋದ ಡಾಕ್ಟರ ಮಗ, ಮಿಸಿಸಿಪ್ಪಿಯ ಗೇಣಿದಾರರ ಮೊಮ್ಮಗಳು, ನೈಜೀರಿಯಾದಿಂದ, ಜಮೈಕಾದಿಂದ ಬಂದವರು. ಕಪ್ಪಗಿರುವುದರಲ್ಲಿ ಎಷ್ಟು ಬಗೆ ಎಂದು ಅಲ್ಲಿ ಮೊದಲ ಬಾರಿಗೆ ಕಾಣುತ್ತದೆ. ಮೈಮರೆತು ಸೋಲಲೂಬಹುದು, ಸಾಧಾರಣಳಾಗಿರಲೂಬಹುದು. ಈ ಬಿಡುವು ಸಿಕ್ಕದ ಮನಸ್ಸಿಗೆ ದೊಡ್ಡದನ್ನು ಯೋಚಿಸುವ ಧೈರ್ಯ ಬರುವುದು ಕಷ್ಟ. 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೋದ ವೂಲ್‌ವರ್ತ್ ಅಂಗಡಿಯಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ಹೋಗಿ ಕೂತು ದೇಶವನ್ನೇ ಅಲುಗಾಡಿಸಿದವರು ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ ಎಂಬ ಇಂಥದೇ ಕಾಲೇಜಿನ ಮೊದಲ ವರ್ಷದ ನಾಲ್ವರು ಹುಡುಗರು. ಅವರ ಧೈರ್ಯ ಮಾಗಿದ್ದು ಹಾಸ್ಟೆಲ್ ಕೋಣೆಯ ರಾತ್ರಿ ಹರಟೆಗಳಲ್ಲಿ.

ಹಾಗೆಂದು ಇವು ಸ್ವರ್ಗಗಳಲ್ಲ. 1953ರಲ್ಲಿ ಹಾವರ್ಡ್‌ನಲ್ಲಿ ಪದವಿ ಮುಗಿಸಿದ ಲೇಖಕಿ ಟೋನಿ ಮಾರಿಸನ್, ಅಲ್ಲಿಯೂ ತಿಳಿಬಣ್ಣದವರಿಗೆ ಸಿಗುತ್ತಿದ್ದ ಮನ್ನಣೆಯನ್ನು ಕಂಡು ನೊಂದಿದ್ದರು. ಶೇಕ್ಸ್‌ಪಿಯರ್ ನಾಟಕಗಳ ಕಪ್ಪು ಪಾತ್ರಗಳ ಮೇಲೆ ಪ್ರಬಂಧ ಬರೆಯುತ್ತೇನೆಂದರೆ ಇಂಗ್ಲಿಷ್ ವಿಭಾಗದವರು ಬೆಚ್ಚಿಬಿದ್ದರೆಂದು ಅವರೇ ನೆನೆದಿದ್ದಾರೆ. ಆದರೂ ಅದೇ ಹಾವರ್ಡ್‌ನ ನಾಟಕ ತಂಡದೊಂದಿಗೆ ತಿರುಗಾಡಿಯೇ ಓಹಾಯೋದ ಈ ಹುಡುಗಿ ದಕ್ಷಿಣವನ್ನು ಕಣ್ಣಾರೆ ಕಂಡದ್ದು. ಮುಂದೆ ಅಲ್ಲಿಯೇ ಪಾಠ ಹೇಳುತ್ತಿದ್ದಾಗ ಒಂದು ಬರಹಗಾರರ ಗುಂಪಿಗಾಗಿ ಬರೆದ ಕಥೆಯೇ ಅವರ ಮೊದಲ ಕಾದಂಬರಿಯಾಗಿ ಬೆಳೆಯಿತು.

ಎಲ್ಲ ಕಾಲೇಜುಗಳ ಬಾಗಿಲೂ ತೆರೆದಿರುವಾಗ ಬೇರೆ ಕಾಲೇಜು ಏಕೆ ಎಂಬ ಪ್ರಶ್ನೆಯನ್ನು ಅಮೆರಿಕನ್ನರೇ ಕೇಳುತ್ತಾರೆ. ಓದಿದವರ ಮಾತನ್ನೇ ಕೇಳುವುದು ಒಳ್ಳೆಯದು. 2015ರಲ್ಲಿ ಪ್ರಕಟವಾದ ಗ್ಯಾಲಪ್ ಸಮೀಕ್ಷೆಯಲ್ಲಿ, ಕಾಲೇಜು ತಮ್ಮನ್ನು ಹೊರಗಿನ ಬದುಕಿಗೆ ಚೆನ್ನಾಗಿ ಅಣಿಮಾಡಿತು ಎಂದು ಬಲವಾಗಿ ಒಪ್ಪಿದವರು ಈ ಕಾಲೇಜುಗಳ ಕಪ್ಪು ಪದವೀಧರರಲ್ಲಿ ಶೇ 55. ಬೇರೆ ಕಾಲೇಜುಗಳಲ್ಲಿ ಓದಿದ ಕಪ್ಪು ಪದವೀಧರರಲ್ಲಿ ಶೇ 29 ಮಾತ್ರ.

ಇಷ್ಟೆಲ್ಲ ನಡೆದಿರುವುದು ಬರಿಗೈಯಲ್ಲಿ ಎನ್ನುವುದೇ ನನ್ನನ್ನು ಕಾಡುವ ಸಂಗತಿ. ಸರ್ಕಾರ ಕೊಟ್ಟ ಭೂಮಿಯ ಬಲದಲ್ಲಿ ಕಟ್ಟಿದ ಬಿಳಿಯರ ವಿಶ್ವವಿದ್ಯಾಲಯಗಳಿಗೆ ಸಮನಾಗಿ ಕೊಡಬೇಕಿದ್ದ ಹಣದಲ್ಲಿ ಮೂರು ದಶಕಗಳಲ್ಲಿ 16 ರಾಜ್ಯಗಳು ಅದೇ ಬಗೆಯ ಕಪ್ಪು ಕಾಲೇಜುಗಳಿಗೆ 1,200 ಕೋಟಿ ಡಾಲರಿಗೂ ಹೆಚ್ಚು ಬಾಕಿ ಉಳಿಸಿವೆ ಎಂದು 2023ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಆ ರಾಜ್ಯಗಳಿಗೆ ಪತ್ರ ಬರೆಯಿತು. ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯವೊಂದಕ್ಕೇ ಸುಮಾರು 210 ಕೋಟಿ. ಕೊರತೆಯ ಹೊರೆ ಬೀಳುವುದು ವಿದ್ಯಾರ್ಥಿಗಳ ಮೇಲೆ, ಸಾಲವಾಗಿ. 2019ರಲ್ಲಿ ಮೋರ್‌ಹೌಸ್ ಘಟಿಕೋತ್ಸವಕ್ಕೆ ಬಂದ ಉದ್ಯಮಿ ರಾಬರ್ಟ್ ಸ್ಮಿತ್, ಆ ವರ್ಷದ ಸುಮಾರು 400 ಪದವೀಧರರ ಶಿಕ್ಷಣ ಸಾಲವನ್ನೆಲ್ಲ ತೀರಿಸುತ್ತೇನೆಂದು ವೇದಿಕೆಯಲ್ಲೇ ಹೇಳಿದಾಗ ಹುಡುಗರು ಮೊದಲು ನಂಬಲೇ ಇಲ್ಲ, ಆಮೇಲೆ ಕುಣಿದರು. ಹಿಂದಿನ ವರ್ಷ ಮುಗಿಸಿದವರ ಸಾಲ ಹಾಗೆಯೇ ಇತ್ತು.

ತಾ-ನೆಹಿಸಿ ಕೋಟ್ಸ್ ಹಾವರ್ಡ್‌ನಲ್ಲಿ ಡಿಗ್ರಿ ಮುಗಿಸಲಿಲ್ಲ. ಅಲ್ಲಿನ ಮೂರ್‌ಲ್ಯಾಂಡ್-ಸ್ಪಿಂಗಾರ್ನ್ ಗ್ರಂಥಾಲಯದಲ್ಲಿ ಚೀಟಿ ಬರೆದು ಪುಸ್ತಕ ತರಿಸಿಕೊಂಡು ಓದಿದ್ದೇ ತನ್ನನ್ನು ಬರಹಗಾರನನ್ನಾಗಿಸಿತು ಎನ್ನುವವರು ಅವರು. 2021ರಲ್ಲಿ ಹಾವರ್ಡ್ ಅವರನ್ನು ಇಂಗ್ಲಿಷ್ ವಿಭಾಗಕ್ಕೆ ಪಾಠ ಹೇಳಲು ಕರೆಯಿತು, ಅವರು ಬಂದರು.