ನಿಮ್ಮ ಊರಿನ ನದಿಯ ರಿಪೋರ್ಟ್ ನೋಡಿದ್ದೀರಾ?



ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಶುಗರ್ ಎಷ್ಟು, ಕೊಲೆಸ್ಟರಾಲ್ ಎಷ್ಟು ಎಂದು ನೋಡುತ್ತೀರಿ. ನದಿಗೂ ಇಂಥ ರಿಪೋರ್ಟ್ ಇದೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ನಿಗದಿತ ಜಾಗಗಳಲ್ಲಿ ನೀರು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತದೆ. ಪುಣೆಯ ಮುಳಾ-ಮುಠಾ ನದಿಗೂ ಇದು ನಡೆಯುತ್ತದೆ. ಅದರಲ್ಲಿ ಮೂರು ಅಂಕಿ ಮುಖ್ಯ. ಕೆಳಗಿನವು ಸ್ನಾನಕ್ಕೆ ಯೋಗ್ಯವಾದ ನೀರಿನ ಮಾನದಂಡಗಳು.

*1. ಕರಗಿದ ಆಮ್ಲಜನಕ:* ಲೀಟರಿಗೆ 5 ಮಿ.ಗ್ರಾಂ ಅಥವಾ ಹೆಚ್ಚು ಇರಬೇಕು. ಇದು ನದಿಯ ಉಸಿರು.

*2. ಬಿಒಡಿ:* ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳು ಬಳಸುವ ಆಮ್ಲಜನಕ. ಲೀಟರಿಗೆ 3 ಮಿ.ಗ್ರಾಂ ಮೀರಬಾರದು. ಚರಂಡಿ ನೀರು ಸೇರಿದಷ್ಟೂ ಇದು ಏರುತ್ತದೆ.

*3. ಫೀಕಲ್ ಕೋಲಿಫಾರ್ಮ್:* ಮಲದಿಂದ ಬರುವ ಬ್ಯಾಕ್ಟೀರಿಯಾ. 100 ಮಿ.ಲೀ.ಗೆ 500ರೊಳಗೆ ಇದ್ದರೆ ಒಳ್ಳೆಯದು, 2,500 ಗರಿಷ್ಠ ಮಿತಿ. ಕುಡಿಯುವ ನೀರಿನಲ್ಲಂತೂ ಇದು ಒಂದೂ ಇರಕೂಡದು.

"ನಮಗೆ ನೀರು ಬರುವುದು ಊರಿನ ಮೇಲ್ಭಾಗದ ಖಡಕ್‌ವಾಸ್ಲಾ ಅಣೆಕಟ್ಟಿನಿಂದ, ಕೆಳಗಿನ ನದಿ ಹೇಗಿದ್ದರೇನು?" ಎನ್ನಬಹುದು. ಆದರೆ ಚರಂಡಿ ನೀರು ನದಿಗಷ್ಟೇ ಸೇರುವುದಿಲ್ಲ. ಬಾವಿ, ಬೋರ್‌ವೆಲ್, ಒಡೆದ ಪೈಪುಗಳಿಗೂ ಸೇರಬಹುದು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಭಾಗದಲ್ಲಿ ನರಗಳಿಗೆ ತಗಲುವ ಗಿಲ್ಲಾನ್-ಬಾರೆ ಸಿಂಡ್ರೋಮ್ ಒಮ್ಮೆಲೇ ಹೆಚ್ಚಿತು. ಕೆಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ನೀರಿನ ಮೇಲೆ ಬಿತ್ತು.

ಹೃದಯ ತಜ್ಞನಾಗಿ ನನ್ನ ಆತಂಕ ಬೇರೆಯೇ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ವಾಂತಿ-ಭೇದಿ ಶುರುವಾದರೆ ದೇಹದ ನೀರು ಎರಡು ಕಡೆಯಿಂದ ಖಾಲಿಯಾಗುತ್ತದೆ. ಬಿಪಿ ಕುಸಿಯುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಪೊಟ್ಯಾಶಿಯಂ ಏರುಪೇರಾಗಿ ಹೃದಯದ ಬಡಿತ ತಪ್ಪಬಹುದು.

*ಹೀಗೆ ಮಾಡಿ:*

✅ ಭೇದಿಯಾದ ದಿನವೇ ವೈದ್ಯರಿಗೆ ಫೋನ್ ಮಾಡಿ, ಯಾವ ಮಾತ್ರೆ ನಿಲ್ಲಿಸಬೇಕು ಎಂದು ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು.

✅ ಓಆರ್‌ಎಸ್ ಕೊಡಿ. ನೀರು ಮಿತವಾಗಿ ಕುಡಿಯಲು ಹೇಳಿಸಿಕೊಂಡವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು.

✅ ತಲೆಸುತ್ತು, ಮೂತ್ರ ಕಡಿಮೆ, ಎದೆಬಡಿತ ಏರುಪೇರು, ಕೈಕಾಲಲ್ಲಿ ಬಲವಿಲ್ಲದಂತಾದರೆ ಕೂಡಲೇ ಆಸ್ಪತ್ರೆಗೆ.

✅ ಸೊಸೈಟಿ ಟ್ಯಾಂಕಿನ ನೀರನ್ನು ಕ್ಲೋರಿನ್ ಕಿಟ್‌ನಿಂದ ಪರೀಕ್ಷಿಸಿ. ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು.

✅ ಅನುಮಾನವಿದ್ದರೆ ನೀರನ್ನು ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ರೋಗಾಣು ಸಾಯುತ್ತವೆ, ಆದರೆ ರಾಸಾಯನಿಕಗಳು ಹೋಗುವುದಿಲ್ಲ. ನೀರು ತಿಳಿಯಾಗಿ ಕಂಡರೆ ಶುದ್ಧ ಎಂದಲ್ಲ.

ಇನ್ನೊಂದು ಮಾತು. ಮುಳಾ-ಮುಠಾ ಹೋಗಿ ಸೇರುವುದು ಭೀಮಾ ನದಿಯನ್ನು. ಭೀಮೆ ಉಜನಿ ಜಲಾಶಯ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಪುಣೆಯಲ್ಲಿ ನಾವು ಚರಂಡಿಗೆ ಬಿಟ್ಟದ್ದು ನಮ್ಮೂರಿನ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಟ್ಯಾಂಕಿನ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ನಮ್ಮ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ?

ಮನೆಯ ಹಿರಿಯರಿಗೂ ಇದನ್ನು ಓದಿ ಹೇಳಿ. 🙏