ಕಣ್ಣುಗುಡ್ಡೆ ಹೊರಜಾರುವಿಕೆ: ಕಾರಣ ಮತ್ತು ಚಿಕಿತ್ಸೆ

ಕಣ್ಣುಗುಡ್ಡೆಯು ಮುಂದಕ್ಕೆ ಜಾರಿ, ರೆಪ್ಪೆಗಳು ಅದರ ಹಿಂದೆ ಬಿಗಿದುಕೊಳ್ಳುವುದು ಅಪರೂಪದ ಸ್ಥಿತಿ. ಆಳವಿಲ್ಲದ ಕಣ್ಣುಗೂಡು, ಥೈರಾಯ್ಡ್ ರೋಗ, ಸಡಿಲ ರೆಪ್ಪೆ, ಅಪಘಾತ ಇದಕ್ಕೆ ಕಾರಣಗಳು. ಕೆಲವರಲ್ಲಿ ರೆಪ್ಪೆ ಎಳೆದರೂ, ಜೋರಾಗಿ ಸೀನಿದರೂ ಸಾಕು. ನೋಡಿದವರು ಬೆಚ್ಚುವುದು ಸಹಜ. ಆದರೆ ನಿಜವಾದ ಅಪಾಯ ಕಾಣದ ಕಡೆಯಿದೆ: ಹಿಂದಿನ ದೃಷ್ಟಿನರವು ಜಗ್ಗುವುದರಿಂದ, ತಡವಾದಷ್ಟೂ ದೃಷ್ಟಿ ಕುಂದಬಹುದು. ಸೊಪ್ಪಿನ ರಸ ಹಾಕಬಾರದು, ಉಜ್ಜಬಾರದು, ಬಲವಂತವಾಗಿ ಒಳತಳ್ಳಬಾರದೆಂದು ಸದಸ್ಯರು ಮನೆಮನೆಗೆ ತಿಳಿಸುವುದು. ಶುದ್ಧನೀರಿನಲ್ಲಿ ತೊಯ್ಸಿದ ಬಟ್ಟೆಯನ್ನು ಒತ್ತದಂತೆ ಹೊದಿಸಿ, 108ಕ್ಕೆ ಕರೆ ಮಾಡತಕ್ಕದ್ದು. ದೊಡ್ಡನೆಕ್ಕುಂದಿ ಕಡೆಯವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯುಂಟು. ಕಣ್ಣಿಗೇ ಮೀಸಲಾದ ಸರ್ಕಾರಿ ಆಸ್ಪತ್ರೆ, 1896ರಲ್ಲಿ ಆರಂಭವಾದ ಮಿಂಟೋ. ವೈದ್ಯರು ಅರಿವಳಿಕೆಯ ಹನಿ ಹಾಕಿ, ರೆಪ್ಪೆಯನ್ನೆತ್ತಿ, ಗುಡ್ಡೆಯನ್ನು ಮೆಲ್ಲನೆ ಸ್ವಸ್ಥಾನಕ್ಕೆ ಸೇರಿಸುತ್ತಾರೆ. ಪದೇಪದೇ ಜಾರುವವರಿಗೆ ರೆಪ್ಪೆಗಳ ಹೊರ ಅಂಚನ್ನು ಹೊಲಿದು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯೂ ಇದೆ.