ಬಸವನಹುಳು ಕಂಡಲ್ಲೆಲ್ಲ ಉಪ್ಪು ಸುರಿಯಬೇಕೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಬಸವನಹುಳು ವಿಷಕಾರಿ, ಮುಟ್ಟಿದರೆ ಮೆದುಳು ಜ್ವರ ಬರುತ್ತದೆ, ಕಂಡಲ್ಲೇ ಉಪ್ಪು ಹಾಕಿ ಕೊಲ್ಲಿ ಎನ್ನುವ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರು ಇದನ್ನು ನಂಬುವ ಮೊದಲು ಸ್ವಲ್ಪ ತಾಳಿ. ಇದರಲ್ಲಿ ನಿಜ ಸ್ವಲ್ಪ, ತಪ್ಪು ಜಾಸ್ತಿ.

ಎಲ್ಲಾ ಬಸವನಹುಳುಗಳೂ ಒಂದೇನಾ?
ಅಲ್ಲ. ಭಾರತದಲ್ಲಿ ನೆಲದ ಮೇಲೆ ಬದುಕುವ ಬಸವನಹುಳುಗಳಲ್ಲಿ 1,000ಕ್ಕೂ ಹೆಚ್ಚು ಜಾತಿಗಳಿವೆ. ಬೆಳೆಗೆ ದೊಡ್ಡ ಶತ್ರು ಆಫ್ರಿಕಾದ ದೈತ್ಯ ಬಸವನಹುಳು, ಅಂದರೆ ಶಂಖದ ಹುಳು. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಶಂಖತಜ್ಞ ಇದನ್ನು ಮಾರಿಷಸ್‌ನಿಂದ ಕೋಲ್ಕತ್ತಾಗೆ ತಂದ. ಉದ್ದನೆಯ ಮೊನಚು ಚಿಪ್ಪು, ಅದರ ಮೇಲೆ ಕಂದು ಪಟ್ಟೆ ಇದರ ಗುರುತು. ಬೆಳೆದದ್ದು ಅಂಗೈ ಉದ್ದ ಇರುತ್ತದೆ. ಒಮ್ಮೆಗೆ ನೂರಾರು ಮೊಟ್ಟೆ ಇಡುತ್ತದೆ.

ನಮ್ಮ ಒಣನಾಡಿನ ಹುಳುಗಳು ಬಹುಪಾಲು ಚಿಕ್ಕವು. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಲೋಳೆಯ ಪರದೆ ಕಟ್ಟಿಕೊಂಡು ಕಲ್ಲು, ಬೇರುಗಳ ಸಂದಿಯಲ್ಲಿ ಮಲಗುತ್ತವೆ. ಮಳೆ ಬಿದ್ದ ರಾತ್ರಿ ಒಮ್ಮೆಲೇ ಕಾಣುವುದು ಇದಕ್ಕೇ. ಉದುರಿದ ಎಲೆ ತಿಂದು ಮಣ್ಣಿಗೆ ಸೇರಿಸುತ್ತವೆ. ಕೆಂಬೂತಕ್ಕೆ, ಮಿಂಚುಹುಳುವಿನ ಮರಿಗಳಿಗೆ ಇವೇ ಆಹಾರ.

ಮುಟ್ಟಿದರೆ ರೋಗ ಬರುತ್ತದೆಯೇ?
ಬಸವನಹುಳುವಿನಲ್ಲಿ ವಿಷವಿಲ್ಲ. ಆದರೆ ಶಂಖದ ಹುಳುವಿನ ದೇಹದಲ್ಲಿ ಇಲಿಯಿಂದ ಬರುವ ಒಂದು ಪರಾವಲಂಬಿ ಇರಬಹುದು. ಹುಳುವನ್ನು ಹಸಿಯಾಗಿ ತಿಂದರೆ, ಅಥವಾ ಅದು ಹರಿದಾಡಿದ ಸೊಪ್ಪನ್ನು ತೊಳೆಯದೆ ತಿಂದರೆ ಮೆದುಳಿನ ಪೊರೆ ಊದಿಕೊಳ್ಳುವ ಅಪಾಯವಿದೆ. ಬರಿಗೈಲಿ ಹಿಡಿಯಬೇಡಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ.

ಉಪ್ಪು ಯಾಕೆ ಬೇಡ?
ಉಪ್ಪು ಹುಳುವಿನ ಮೈನೀರು ಹೀರಿ ಕೊಲ್ಲುತ್ತದೆ, ನಿಜ. ಆದರೆ ಅದು ಹೊಲದಲ್ಲೇ ಉಳಿಯುತ್ತದೆ. ಎರೆ ಭೂಮಿಯಲ್ಲಿ ನೀರು ಬಸಿಯುವುದೇ ನಿಧಾನ. ಕಾಲುವೆ ನೀರಾವರಿಯ ಹೊಲಗಳಿಗೆ ಸವುಳಿನ ಕಾಟ ಮೊದಲೇ ಇದೆ. ಹುಳು ಹೋಗಿ ಹೊಲವೇ ಕೆಟ್ಟರೆ?

ಹಾಗಾದರೆ ಏನು ಮಾಡಬೇಕು?
• ಸಂಜೆ ಒದ್ದೆ ಗೋಣಿಚೀಲ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಕೈಗವಸು ಹಾಕಿ ಶಂಖದ ಹುಳುಗಳನ್ನಷ್ಟೇ ಆರಿಸಿ, ಬಕೆಟ್‌ನ ಉಪ್ಪುನೀರಿಗೆ ಹಾಕಿ. ಆ ನೀರನ್ನು ಹೊಲಕ್ಕೆ ಚೆಲ್ಲಬೇಡಿ.
• ಲಿಂಬೆ, ದಾಳಿಂಬೆ ಸಸಿ ತರುವಾಗ ಬೇರಿನ ಮಣ್ಣಿನಲ್ಲಿ ಮೊಟ್ಟೆ ಇದೆಯೇ ನೋಡಿ. ಈ ಹುಳು ಹೊಸ ಊರಿಗೆ ಹೋಗುವುದು ಹೀಗೆಯೇ.
• ವಿಷದ ಗುಳಿಗೆ ಹಾಕುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅದನ್ನು ತಿಂದರೆ ನಾಯಿ, ದನಕರುಗಳೂ ಸಾಯಬಹುದು.

ಎಲ್ಲಾ ಬಸವನಹುಳುಗಳನ್ನೂ ಕೊಲ್ಲಿ ಎನ್ನುವ ಮೆಸೇಜ್ ತಪ್ಪು ದಾರಿಗೆಳೆಯುವಂಥದ್ದು. ನಿಮಗೆ ಅದನ್ನು ಕಳಿಸಿದವರಿಗೆ ಈ ಮಾಹಿತಿಯನ್ನೂ ಕಳಿಸಿ.